ಶುಗರ್ ಎಷ್ಟು ಅಂತ ಗೊತ್ತಾಯ್ತು, ಯಾವ ಶುಗರ್?

ಖಾಲಿ ಹೊಟ್ಟೆಯಲ್ಲಿ 240, ಊಟ ಆದಮೇಲೆ 350. ರಿಪೋರ್ಟ್ ಬಂದ ಕೂಡಲೇ ಕಣ್ಣು ಹೋಗುವುದು ಈ ಅಂಕಿಗಳ ಮೇಲೆ. ಆದರೆ ಇವು ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತಷ್ಟೇ ಹೇಳುತ್ತವೆ, ಯಾಕೆ ಏರಿದೆ ಅಂತ ಹೇಳುವುದಿಲ್ಲ. ಮೂರು ತಿಂಗಳ ಲೆಕ್ಕ ಕೊಡುವ ಎಚ್‌ಬಿಎ1ಸಿ ಕೂಡ ಅಷ್ಟೇ.

ಸಕ್ಕರೆ ಕಾಯಿಲೆ ಒಂದೇ ಅಲ್ಲ ಅನ್ನುವುದು ಹಳೆಯ ಮಾತು. ಹುಟ್ಟಿನಿಂದ ಬರುವ ಪ್ರಮೇಹ (ಸಕ್ಕರೆ ಕಾಯಿಲೆಗೆ ಹಳಬರ ಹೆಸರು) ಬೇರೆ, ತಪ್ಪು ಆಹಾರದಿಂದ ಬರುವುದು ಬೇರೆ ಅಂತ ಸುಶ್ರುತ ಸಂಹಿತೆಯೇ ಹೇಳುತ್ತದೆ. ಮೊದಲನೆಯ ರೋಗಿ ಬಡಕಲು, ಎರಡನೆಯವನು ದಪ್ಪ. ಆದರೆ ಅದು ಕಣ್ಣಳತೆ.

1936ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಅದೇ ಹೊತ್ತಿಗೆ ಸಕ್ಕರೆ ಇಳಿಸುವ ಇನ್ಸುಲಿನ್ ಕೊಟ್ಟು, ರಕ್ತದ ಸಕ್ಕರೆ ನೋಡುತ್ತಾ ಹೋದರು. ಕೆಲವರಲ್ಲಿ ಸಕ್ಕರೆ ಹತೋಟಿಯಲ್ಲೇ ಇತ್ತು. ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಏರಿತು. ಅಂದರೆ ಒಬ್ಬರಿಗೆ ಇನ್ಸುಲಿನ್ ಇಲ್ಲ (ಈಗ ಟೈಪ್ 1 ಅನ್ನುವುದು), ಇನ್ನೊಬ್ಬರ ಮೈ ಇನ್ಸುಲಿನ್ ಮಾತು ಕೇಳುತ್ತಿಲ್ಲ (ಈಗ ಟೈಪ್ 2 ಅನ್ನುವುದು).

ಹಾಗಾದರೆ ರಕ್ತದಲ್ಲಿರುವ ಇನ್ಸುಲಿನ್ನನ್ನೇ ಅಳೆದರೆ ಆಯ್ತು, ಅಲ್ವಾ? ಅದು ಇರುವುದೇ ತೀರಾ ಚೂರು. 1951ರಲ್ಲಿ ಬೋರ್ನ್‌ಸ್ಟೈನ್ ಮತ್ತು ಲಾರೆನ್ಸ್ ರೋಗಿಯ ಪ್ಲಾಸ್ಮಾವನ್ನು (ರಕ್ತದ ದ್ರವ ಭಾಗ) ಇಲಿಗೆ ಚುಚ್ಚಿ, ಇಲಿಯ ಸಕ್ಕರೆ ಎಷ್ಟು ಇಳಿಯಿತು ಅಂತ ನೋಡಬೇಕಾಯಿತು! ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣ ಬಳಸಿ ನೇರವಾಗಿ ಅಳೆಯುವ ದಾರಿ ಕಂಡುಕೊಂಡ ಮೇಲೆ, ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬಂದ ಎಷ್ಟೋ ಮಂದಿಯಲ್ಲಿ ಇನ್ಸುಲಿನ್ ಕಡಿಮೆಯಲ್ಲ, ಜಾಸ್ತಿಯೇ ಇದೆ ಅಂತ 1960ರಲ್ಲಿ ಗೊತ್ತಾಯಿತು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅದನ್ನು ನೋಡಲು ಬದುಕಿರಲಿಲ್ಲ.

ಇನ್ನೊಂದು ತೊಡಕಿತ್ತು. ಇನ್ಸುಲಿನ್ ಚುಚ್ಚಿಕೊಳ್ಳುವವರ ರಕ್ತದಲ್ಲಿ ಯಾವುದು ಮೈಯದು, ಯಾವುದು ಸೂಜಿಯದು? 1967ರಲ್ಲಿ ಷಿಕಾಗೋದ ಡೊನಾಲ್ಡ್ ಸ್ಟೈನರ್ ಪ್ರೊಇನ್ಸುಲಿನ್ ಕಂಡುಹಿಡಿದರು. ಮೈ ಮೊದಲು ಉದ್ದದ ಈ ಒಂದು ಎಳೆ ಮಾಡುತ್ತದೆ, ಆಮೇಲೆ ನಡುವಿನ ತುಂಡನ್ನು ಕತ್ತರಿಸಿ ತೆಗೆಯುತ್ತದೆ, ಉಳಿದದ್ದು ಇನ್ಸುಲಿನ್. ಆ ತುಂಡೇ ಸಿ-ಪೆಪ್ಟೈಡ್. ಒಂದು ಇನ್ಸುಲಿನ್‌ಗೆ ಒಂದು ತುಂಡು. ಸೂಜಿಯ ಇನ್ಸುಲಿನ್‌ನಲ್ಲಿ ಇದು ಇರುವುದೇ ಇಲ್ಲ! ಎಷ್ಟು ಚೆಂದದ ಸುಳಿವು ನೋಡಿ.

1974ರಲ್ಲಿ ಲಂಡನ್ನಿನಲ್ಲಿ ಬೊಟಾಜೊ ತಂಡ ಇನ್ಸುಲಿನ್ ಮಾಡುವ ಜೀವಕೋಶಗಳ ಮೇಲೆ ತಿರುಗಿಬಿದ್ದ ಆ್ಯಂಟಿಬಾಡಿಗಳನ್ನು (ರೋಗದ ವಿರುದ್ಧ ಹೋರಾಡಬೇಕಾದ ಪ್ರೋಟೀನ್) ರಕ್ತದಲ್ಲಿ ಹಿಡಿಯಿತು. ಈಗ ಜಿಎಡಿ ಆ್ಯಂಟಿಬಾಡಿ ಅಂತ ಲ್ಯಾಬಿನಲ್ಲಿ ಬರೆಸುವುದು ಅದೇ ಜಾತಿಯದು. ಇದು ಸಿಕ್ಕರೆ ಟೈಪ್ 1 ಕಡೆಗೆ ಬೆರಳು ತೋರಿಸುತ್ತದೆ, ಸಿಗದಿದ್ದರೆ ಟೈಪ್ 1 ಅಲ್ಲವೇ ಅಲ್ಲ ಅನ್ನುವ ಹಾಗಿಲ್ಲ. ಸಿ-ಪೆಪ್ಟೈಡ್ ಕೂಡ ಶುರುವಿನಲ್ಲಿ ದಾರಿ ತಪ್ಪಿಸಬಹುದು, ಯಾಕೆಂದರೆ ಟೈಪ್ 1 ಬಂದ ಹೊಸದರಲ್ಲಿ ಮೈಯಲ್ಲಿ ಇನ್ನೂ ಸ್ವಲ್ಪ ಇನ್ಸುಲಿನ್ ಉಳಿದಿರುತ್ತದೆ.

ನನಗೆ ಸಂಕಟ ಆಗುವುದು ತೆಳ್ಳಗಿರುವ ಮೂವತ್ತೈದರವರನ್ನು ನೆನೆದು. ವಯಸ್ಸು ನೋಡಿ ಟೈಪ್ 2 ಅಂತ ಬರೆದಿರುತ್ತಾರೆ. ಮಾತ್ರೆ ಸ್ವಲ್ಪ ದಿನ ಕೆಲಸ ಮಾಡಿ ನಿಲ್ಲುತ್ತದೆ, ತೂಕ ಇಳಿಯುತ್ತದೆ, ಮನೆಯವರು ‘ಪಥ್ಯ ಮಾಡ್ತಿಲ್ಲ’ ಅಂತ ಸುಮ್ನೆ ಬೈಯುತ್ತಾರೆ. ನಿಧಾನಕ್ಕೆ ಬೆಳೆಯುವ ಇಂಥ ಟೈಪ್ 1ಕ್ಕೆ ‘ಲಾಡಾ’ ಅನ್ನುವ ಹೆಸರು ಬಂದದ್ದೇ 1993ರಲ್ಲಿ. ಹೀಗಾಗುತ್ತಿದ್ದರೆ ‘ಜಿಎಡಿ, ಸಿ-ಪೆಪ್ಟೈಡ್ ಮಾಡಿಸೋಣವಾ?’ ಅಂತ ಡಾಕ್ಟರನ್ನು ಕೇಳಿ. ಇನ್ಸುಲಿನ್ ತಗೊಳ್ಳುತ್ತಿದ್ದರೆ, ಡಾಕ್ಟರ್ ಹೇಳದೆ ಒಂದು ಡೋಸ್ ಕೂಡ ನಿಲ್ಲಿಸಬೇಡಿ.