ಕೀಮೋದಿಂದ ಕಪ್ಪಾದ ಕೈಯನ್ನು ಉಜ್ಜಬೇಡಿ

ಕ್ಯಾನ್ಸರಿಗೆ ಕೊಡುವ ಕೆಪೆಸಿಟಾಬಿನ್ ಎಂಬ ಕೀಮೋ ಮಾತ್ರೆ ಶುರುವಾಗಿ ಒಂದೆರಡು ಸೈಕಲ್ (ಚಿಕಿತ್ಸೆಯ ಸುತ್ತು) ಕಳೆಯುವಷ್ಟರಲ್ಲಿ ಅನೇಕರ ಅಂಗೈ ಗೆರೆಗಳು ಕಪ್ಪಾಗುತ್ತವೆ. ಬೆರಳಿನ ಗೆಣ್ಣು, ಅಂಗಾಲಿಗೂ ಕಪ್ಪು ಹಬ್ಬುತ್ತದೆ. ಕೆಲವರಿಗೆ ನಾಲಿಗೆಯ ಮೇಲೂ ಚುಕ್ಕೆಗಳು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಬಂದು ಕೂರುವವರನ್ನು ನಮ್ಮ ಚರ್ಮರೋಗ ಕ್ಲಿನಿಕ್‌ನಲ್ಲಿ ನೋಡುತ್ತಲೇ ಇರುತ್ತೇನೆ. "ಡಾಕ್ಟ್ರೇ, ಕಾಯಿಲೆ ಚರ್ಮಕ್ಕೂ ಹಬ್ಬಿದೆಯಾ?" ಅನ್ನುವುದೇ ಮೊದಲ ಪ್ರಶ್ನೆ.

ಹಬ್ಬಿಲ್ಲ. ಇದು ಔಷಧಿಯ ಕೆಲಸ. ನಮ್ಮಂಥ ಮೈಬಣ್ಣದವರಲ್ಲಿ ಎದ್ದು ಕಾಣುತ್ತದೆ, ಅಷ್ಟೇ. ಒಂದೊಂದು ಕ್ಯಾನ್ಸರ್ ಔಷಧಿಗೆ ಒಂದೊಂದು ಗುರುತು. ಡಾಕ್ಸೊರುಬಿಸಿನ್, ಸೈಕ್ಲೋಫಾಸ್ಫಮೈಡ್ ಪಡೆದವರ ಉಗುರಲ್ಲಿ ಕಪ್ಪು ಪಟ್ಟಿ ಮೂಡಬಹುದು. ಫ್ಲೋರೋಯುರಾಸಿಲ್ ಹರಿದುಹೋದ ರಕ್ತನಾಳದ ಗುಂಟ ತೋಳಿನ ಮೇಲೆ ಕಪ್ಪು ಗೆರೆ ಏಳುತ್ತದೆ. ಬ್ಲಿಯೋಮೈಸಿನ್ ಆದರೆ ಬೆನ್ನಿಗೆ ಬಾರುಕೋಲಲ್ಲಿ ಹೊಡೆದ ಹಾಗೆ ಬರೆಗಳು. ಇಮಾಟಿನಿಬ್‌ನದು ಉಲ್ಟಾ ಕಥೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಬೇಕಾದ ಸಂಕೇತವನ್ನೇ ಅದು ತಡೆಯುವುದರಿಂದ ಮೈ ತಿಳಿಯಾಗುತ್ತದೆ. ಅದನ್ನೂ ತೊನ್ನು ಅಂದುಕೊಂಡು ಗಾಬರಿಯಾಗುವವರಿದ್ದಾರೆ.

ನೋಡಲು ಬಂದ ನೆಂಟರು ಸುಮ್ನೆ ಇರುವುದಿಲ್ಲವಲ್ಲ! ನಿಂಬೆಹುಳಿ ಹಚ್ಚು, ಕಡಲೆಹಿಟ್ಟಲ್ಲಿ ತಿಕ್ಕು ಅನ್ನುತ್ತಾರೆ. ತಿಕ್ಕಿದಷ್ಟೂ ಚರ್ಮ ಕೆರಳಿ ಇನ್ನಷ್ಟು ಕಪ್ಪಾಗುತ್ತದೆ. ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುವ ಬೆಳ್ಳಗಾಗುವ ಕ್ರೀಮುಗಳಂತೂ ಬೇಡವೇ ಬೇಡ. ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ.

ಸಾಕಾಗುವುದು ಇಷ್ಟೇ: ಮೃದು ಸೋಪು, ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಮಾಯಿಶ್ಚರೈಸರ್. ಅಂಗೈ ಅಂಗಾಲಿಗೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು. ಬಿರುಕು ಬಿಟ್ಟ ಕಡೆ ಮಾತ್ರ ಹಚ್ಚಬೇಡಿ, ಉರಿಯುತ್ತದೆ. ಇನ್ನು ಬಿಸಿಲು. ಬೆಂಗಳೂರು ತಂಪು ಅಂತ ಮೋಸ ಹೋಗಬೇಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿದು. ಗಾಳಿ ತಣ್ಣಗಿದ್ದರೂ ನೇರಳಾತೀತ ಕಿರಣ ಜೋರು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ರೇಡಿಯೇಷನ್ ನಡೆಯುತ್ತಿರುವ ಜಾಗಕ್ಕೆ ಮಾತ್ರ ಆ ವಿಭಾಗದವರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ನನಗೆ ನಿಜಕ್ಕೂ ಭಯವಾಗುವುದು ಬಣ್ಣಕ್ಕೆ ಹೆದರಿ ಗುಟ್ಟಾಗಿ ಮಾತ್ರೆ ಬಿಡುವವರನ್ನು ಕಂಡಾಗ. ಬರೀ ಕಪ್ಪಾಗಿದ್ದರೆ ಮಾತ್ರೆ ನಿಲ್ಲಿಸುವ ಕಾರಣವಿಲ್ಲ. ಅಂಗೈ ಕೆಂಪಾಗಿ ಉರಿದರೆ, ಗುಳ್ಳೆ ಎದ್ದರೆ, ಕಾಲೂರಲು ನೋವಾದರೆ ಮಾತ್ರ ಅದೇ ದಿನ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ. ಆಗ ಡೋಸ್ ತಡೆಹಿಡಿಯಬೇಕಾಗಬಹುದು.

ಚಿಕಿತ್ಸೆ ಮುಗಿದ ಮೇಲೆ ಬಣ್ಣ ತಿಂಗಳುಗಟ್ಟಲೆ ಹಿಡಿದು ತಿಳಿಯಾಗುತ್ತದೆ. ಕೆಲವರಲ್ಲಿ ಸ್ವಲ್ಪ ಉಳಿಯಲೂಬಹುದು. ಕೈಯುಗುರು ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು, ಕಾಲುಗುರಿಗೆ ವರ್ಷಕ್ಕೂ ಜಾಸ್ತಿ ಬೇಕು. ಒಂದೇ ಉಗುರಿನ ಪಟ್ಟಿ ಅಗಲವಾಗುತ್ತಾ ಹೋದರೆ ಅಷ್ಟು ದಿನ ಕಾಯದೆ ತೋರಿಸಿ.