ಛಾಯಾಚಿತ್ರದ ಲೇಬಲ್ಲಿನಲ್ಲಿ ಶಾಯಿಯ ಹೆಸರಿರಲಿ

ಗ್ಯಾಲರಿಯ ಗೋಡೆಯ ಮೇಲೆ ಒಂದು ಛಾಯಾಚಿತ್ರ, ಅದರ ಪಕ್ಕದ ಲೇಬಲ್ಲಿನಲ್ಲಿ ‘ಜಿಕ್ಲೇ ಪ್ರಿಂಟ್’ ಎಂಬ ಎರಡು ಪದ. ಕೊಳ್ಳಲು ಬಂದವರು ಅದನ್ನು ಶತಮಾನಗಳ ಹಿಂದಿನ ಯಾವುದೋ ಮುದ್ರಣಕಲೆಯೆಂದು ಭಾವಿಸುವುದು ಸಹಜ. ಆದರೆ ಈ ಪದ ಹುಟ್ಟಿದ್ದು 1991ರಲ್ಲಿ, ಕ್ಯಾಲಿಫೋರ್ನಿಯಾದ ನ್ಯಾಶ್ ಎಡಿಷನ್ಸ್ ಮುದ್ರಣಾಲಯದಲ್ಲಿ. ಅಲ್ಲಿನ ಮುದ್ರಕ ಜ್ಯಾಕ್ ಡುಗಾನ್ ಇಂಕ್‌ಜೆಟ್ ಕಲಾಮುದ್ರಣಕ್ಕೆ ಬೇರೊಂದು ಹೆಸರನ್ನು ಹುಡುಕುತ್ತ, ಚಿಮ್ಮಿಸುವುದು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಇದನ್ನು ರೂಪಿಸಿದರು. ಆಗ ಬಳಕೆಯಲ್ಲಿದ್ದ ಐರಿಸ್ ಎಂಬ ಮುದ್ರಣ ಯಂತ್ರಗಳ ಶಾಯಿ ಡೈ, ಎಂದರೆ ದ್ರವದಲ್ಲಿ ಕರಗುವ ಬಣ್ಣ, ಆಗಿತ್ತು, ಮತ್ತು ಆರಂಭದ ಎಷ್ಟೋ ಪ್ರತಿಗಳು ಕೆಲವೇ ವರ್ಷಗಳಲ್ಲಿ ಮಾಸಿಹೋದವು. ಇಂದಿನ ಉತ್ತಮ ಯಂತ್ರಗಳ ಶಾಯಿ ಪಿಗ್ಮೆಂಟ್, ಎಂದರೆ ಕರಗದೆ ಕಣಗಳಾಗಿ ಉಳಿಯುವ ಬಣ್ಣ. ‘ಜಿಕ್ಲೇ’ ಎಂಬ ಹೆಸರು ಎರಡಕ್ಕೂ ಸಲ್ಲುವುದರಿಂದ, ಕೊಳ್ಳುವವರು ತಿಳಿಯಲೇಬೇಕಾದ ಸಂಗತಿಯನ್ನೇ ಅದು ಮರೆಮಾಡುತ್ತದೆ.

ಡೈಗೂ ಪಿಗ್ಮೆಂಟಿಗೂ ಇರುವ ವ್ಯತ್ಯಾಸ ನೀರಿನಲ್ಲಿ ಕರಗಿದ ಉಪ್ಪಿಗೂ ನೀರಿನಲ್ಲಿ ತೇಲುವ ಮಣ್ಣಿನ ಕಣಕ್ಕೂ ಇರುವಂಥದು. ಕರಗಿದ ಡೈಯಲ್ಲಿ ಪ್ರತಿಯೊಂದು ಅಣುವೂ ಒಂಟಿ. ಬೆಳಕು ಬಿದ್ದು ಚೈತನ್ಯ ಏರಿದ ಅಣುವನ್ನು ಗಾಳಿಯ ಆಮ್ಲಜನಕವೋ ಓಜೋನೋ ತಾಗಿತೆಂದರೆ ಅದರ ಬಂಧ ಮುರಿಯುತ್ತದೆ, ಬಣ್ಣ ಹೋಗುತ್ತದೆ. ಪಿಗ್ಮೆಂಟಿನಲ್ಲಾದರೋ ಅಂಥ ಅಣುಗಳು ಒತ್ತೊತ್ತಾಗಿ ಸೇರಿ, ಸುಮಾರು 100 ನ್ಯಾನೋಮೀಟರ್ ಅಗಲದ ಕಣವಾಗಿರುತ್ತವೆ. ಆ ಕಣವನ್ನು ಗೋಲಿಯೆಂದೂ ಅಣುವೊಂದರ ಅಗಲ 1 ನ್ಯಾನೋಮೀಟರ್ ಎಂದೂ ಭಾವಿಸಿ ಲೆಕ್ಕ ಹಾಕಿದರೆ, ಹೊರಮೈಯಲ್ಲಿ ಇರುವುದು ನೂರಕ್ಕೆ ಆರರಷ್ಟು ಅಣುಗಳು ಮಾತ್ರ. ಮಳೆಗೆ ಸಿಕ್ಕ ಮಣ್ಣಿನ ಹೆಂಟೆಯ ಹೊರಪದರ ಕರಗಿದರೂ ಒಡಲು ಒಣಗಿಯೇ ಇರುವ ಹಾಗೆ, ಒಳಗಿನ ಅಣುಗಳಿಗೆ ಅನಿಲಗಳ ಕಾಟ ತಟ್ಟುವುದು ಕಡಿಮೆ. ಬೆಳಕು ಒಳಗೆ ಹೊಕ್ಕರೂ, ಭಾರದ ಮೂಟೆಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಂತೆ ಅಣುಗಳು ಆ ಚೈತನ್ಯವನ್ನು ಹಂಚಿಕೊಂಡು ಶಾಖವಾಗಿ ಕಳೆದುಬಿಡುತ್ತವೆ. ಶಾಯಿಯ ಬಗೆಯನ್ನು ಲೇಬಲ್ಲಿನಲ್ಲಿ ಹೇಳಬೇಕೆಂದು ನಾನು ಒತ್ತಾಯಿಸುವುದಕ್ಕೆ ಇಷ್ಟು ಕಾರಣ ಸಾಕು.

ಹಾಗೆಂದು ‘ಪಿಗ್ಮೆಂಟ್ ಪ್ರಿಂಟ್’ ಎಂದಷ್ಟೇ ಬರೆದರೆ ಸಾಲದು. 1855ರಲ್ಲಿ ಅಲ್ಫೋನ್ಸ್ ಪ್ವಾತ್‌ವಾಂ ಆರಂಭಿಸಿದ, 1864ರಲ್ಲಿ ಜೋಸೆಫ್ ಸ್ವಾನ್ ಬಳಕೆಗೆ ಯೋಗ್ಯವಾಗಿಸಿದ ಕಾರ್ಬನ್ ಪ್ರಿಂಟ್ ಕೂಡ ಜಿಲೆಟಿನ್ನಿನಲ್ಲಿ ಪಿಗ್ಮೆಂಟನ್ನು ಹಿಡಿದಿಡುವ ಕ್ರಮವೇ, ಅದಕ್ಕೂ ಇದೇ ಹೆಸರಿದೆ. 50 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದರೆ ಗೊಂದಲ ಉಳಿಯುವುದಿಲ್ಲ: ಇಂಕ್‌ಜೆಟ್ ಪ್ರತಿಯಾದರೆ, ಬರಿಗಣ್ಣಿಗೆ ಒಂದೇ ಬಗೆಯ ತಿಳಿಬೂದಿಯಾಗಿ ಕಾಣುವ ಆಕಾಶದಲ್ಲಿ ತಿಳಿನೀಲಿ, ತಿಳಿಗೆಂಪು, ಬೂದು ಚುಕ್ಕಿಗಳು ಎರಚಿದಂತೆ ಹರಡಿರುತ್ತವೆ. ಆದರೆ ಗೋಡೆಯ ಮುಂದೆ ನಿಂತವರ ಕೈಯಲ್ಲಿ ಭೂತಗನ್ನಡಿ ಇರುವುದಿಲ್ಲ, ಆದ್ದರಿಂದ ‘ಇಂಕ್‌ಜೆಟ್’ ಎಂಬ ಪದವನ್ನು ಸಂಕೋಚವಿಲ್ಲದೆ ಬರೆಯಬೇಕು.

ಬಹುಕಾಲ ಬಾಳುವಂಥದು ಎಂಬರ್ಥದ ‘ಆರ್ಕೈವಲ್’ ಎಂಬ ವಿಶೇಷಣವನ್ನು ಬಿಟ್ಟುಬಿಡುವುದೇ ಒಳ್ಳೆಯದು, ಏಕೆಂದರೆ ಅದು ಎಷ್ಟು ವರ್ಷದ ಭರವಸೆಯೆಂದು ಹೇಳುವುದಿಲ್ಲ. ವಿಲ್ಹೆಲ್ಮ್ ಇಮೇಜಿಂಗ್ ರಿಸರ್ಚ್ ಸಂಸ್ಥೆ ಮುದ್ರಿತ ಪ್ರತಿಗಳ ಬಾಳಿಕೆಯ ಬಗ್ಗೆ ಕೊಡುವ ಅಂದಾಜುಗಳು ದಿನಕ್ಕೆ 12 ಗಂಟೆ 450 ಲಕ್ಸ್ (ಬೆಳಕಿನ ತೀವ್ರತೆಯ ಮಾನ) ಬೆಳಕನ್ನು ಆಧಾರವಾಗಿ ಇಟ್ಟುಕೊಂಡಿವೆ. ಕಿಟಕಿಯ ಬಿಸಿಲಿಗೆ ತೂಗುಹಾಕಿದ ಪ್ರತಿಗೆ ಆ ವರ್ಷಗಳ ಲೆಕ್ಕ ಅನ್ವಯಿಸದು. ಕಾಗದದ ಪಾತ್ರವೂ ಕಿರಿದಲ್ಲ. ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುವ, ಹೊಳಪುಕಾರಕವೆಂಬ ರಾಸಾಯನಿಕಗಳಿಂದ ಬೆಳ್ಳಗಾಗಿಸಿದ ಕಾಗದ, ಆ ರಾಸಾಯನಿಕಗಳು ಸೋತಂತೆ ಹಳದಿಯತ್ತ ತಿರುಗುತ್ತದೆ. ಕಾಗದ ಹತ್ತಿ ನಾರಿನದೇ, ಅದರಲ್ಲಿ ಹೊಳಪುಕಾರಕ ಇದೆಯೇ ಎಂಬುದು ಲೇಬಲ್ಲಿನಲ್ಲೋ ಜೊತೆಗೆ ಕೊಡುವ ಪ್ರಮಾಣಪತ್ರದಲ್ಲೋ ಇರಲೇಬೇಕು.

ಇನ್ನು ಪ್ರತಿಗಳ ಸಂಖ್ಯೆ. ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್ಸ್‌ಟನ್ ಹಿಂದೆ ಸೀಮಿತ ಸಂಖ್ಯೆಯಲ್ಲಿ, ಡೈಯನ್ನು ಒಂದೊಂದೇ ಬಣ್ಣವಾಗಿ ಕಾಗದಕ್ಕೆ ವರ್ಗಾಯಿಸುವ ಡೈ ಟ್ರಾನ್ಸ್‌ಫರ್ ಕ್ರಮದಲ್ಲಿ ಮುದ್ರಿಸಿದ್ದ ಚಿತ್ರಗಳನ್ನೇ ದೊಡ್ಡ ಅಳತೆಯ ಪಿಗ್ಮೆಂಟ್ ಪ್ರತಿಗಳಾಗಿಸಿ 2012ರಲ್ಲಿ ಹರಾಜಿಗಿಟ್ಟಾಗ, ಹಳೆಯ ಪ್ರತಿಗಳನ್ನು ಕೊಂಡಿದ್ದ ಸಂಗ್ರಾಹಕರೊಬ್ಬರು ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2013ರಲ್ಲಿ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ಹದಿನೈದರಲ್ಲಿ ಮೂರನೆಯ ಪ್ರತಿ ಎಂಬರ್ಥದಲ್ಲಿ ‘3/15’ ಎಂದು ಬರೆಯುವಾಗ ಆ ಹದಿನೈದು ಈ ಅಳತೆಗೆ, ಈ ಕ್ರಮಕ್ಕೆ ಮಾತ್ರವೋ ಅಥವಾ ಆ ಚಿತ್ರದ ಎಲ್ಲ ರೂಪಗಳಿಗೋ ಎಂಬುದನ್ನು ಕಲಾವಿದರು ಮೊದಲೇ ಬರೆದು ಕೊಡಬೇಕು.

ಕಲಾವಿದರ ಹೆಸರು, ಶೀರ್ಷಿಕೆಗಳ ಕೆಳಗೆ ನಾನು ಬಯಸುವ ಲೇಬಲ್ ಹೀಗಿರುತ್ತದೆ: ‘ತೆಗೆದದ್ದು 1986, ಮುದ್ರಿಸಿದ್ದು 2019; ಪಿಗ್ಮೆಂಟ್ ಇಂಕ್‌ಜೆಟ್ ಪ್ರಿಂಟ್, ಹೊಳಪುಕಾರಕವಿಲ್ಲದ ಹತ್ತಿ ಕಾಗದ; ಚಿತ್ರ 30 × 45 ಸೆಂ.ಮೀ., ಕಾಗದ 40 × 55 ಸೆಂ.ಮೀ.; ಈ ಅಳತೆಯಲ್ಲಿ 3/15’. ಎರಡು ವರ್ಷಗಳನ್ನೂ ಕಾಣಿಸದಿದ್ದರೆ ಹೊಸ ಪ್ರತಿ ಹಳೆಯದೆಂದು ಮಾರಾಟವಾಗುವ ಅಪಾಯವಿದೆ. ಗೋಡೆಯ ಲೇಬಲ್ ಚಿತ್ರದೊಡನೆ ಮನೆಗೆ ಹೋಗುವುದಿಲ್ಲವಾದ್ದರಿಂದ ಇದೇ ವಿವರವನ್ನು ಪ್ರತಿಯ ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲ್ಲಿನಿಂದ, ಗಟ್ಟಿ ಮೇಲ್ಮೈಯ ಮೇಲಿಟ್ಟು, ಒತ್ತದೆ ಬರೆಯಬೇಕು. ಅಂಟಿನ ಚೀಟಿಯನ್ನು ಚೌಕಟ್ಟಿನ ಹಿಂದಿನ ಹಲಗೆಗೆ ಹಚ್ಚಬಹುದು; ಪ್ರಿಂಟಿಗೆ ಹಚ್ಚಿದರೆ ಆ ಅಂಟು ವರ್ಷಗಳು ಕಳೆದಂತೆ ಕಾಗದದೊಳಗೆ ಇಳಿದು ಮುಂಬದಿಯಲ್ಲಿ ಕಲೆಯಾಗಿ ಮೂಡಬಹುದು.