ಆ ಹಳದಿ ಕೊಳೆಯಲ್ಲ, ತಿಕ್ಕಿಸಬೇಡಿ

ಜರ್ಮನಿಯ ದುಬಾರಿ ವಾಚು ಕಂಪನಿ ಎ. ಲಾಂಗೆ ಉಂಡ್ ಸೋನೆಯ ವಾಚಿನ ಹಿಂಬದಿಯ ಗಾಜಿನಲ್ಲಿ ಇಣುಕಿ, "ಒಳಗೆ ಹಳದಿ ತಿರುಗಿದೆ, ಸರ್ವಿಸ್ ಜೊತೆಗೆ ಒಂದು ಪಾಲಿಶ್ ಹೊಡೆದುಬಿಡಿ" ಎನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ.

ಒಳಗೆ ಚಕ್ರಗಳನ್ನು ಹಿಡಿದಿಡುವ ಆ ಪ್ಲೇಟು ಜರ್ಮನ್ ಸಿಲ್ವರಿನದು: ತಾಮ್ರ, ನಿಕಲ್, ಸತು ಬೆರೆತ ಲೋಹ. ಬೇರೆ ಎಷ್ಟೋ ವಾಚುಗಳಲ್ಲಿ ಹಿತ್ತಾಳೆಗೆ ರೋಡಿಯಂ ಲೇಪ ಕೊಟ್ಟಿರುತ್ತಾರೆ. ಇಲ್ಲಿ ಬೇಕೆಂದೇ ಲೇಪ ಕೊಡದೆ ಬಿಟ್ಟಿದ್ದಾರೆ. ಗಾಳಿ ತಾಗಿ ಲೋಹ ಮೆಲ್ಲಗೆ ಜೇನುಬಣ್ಣಕ್ಕೆ ತಿರುಗುತ್ತದೆ; ಆ ಪದರವೇ ಅದಕ್ಕೆ ರಕ್ಷಣೆ. ಪೂಜೆ ಸಾಮಾನಿಗೆ ಹುಣಸೆಹಣ್ಣು ಹಚ್ಚಿದ ಹಾಗೆ ಇದನ್ನು ತಿಕ್ಕಿದರೆ ಮೇಲಿನ ಅಲಂಕಾರದ ಪಟ್ಟೆಗಳು ಸವೆಯುತ್ತವೆ, ಕೈಯಿಂದ ಉಜ್ಜಿ ಓರೆ ಮಾಡಿದ ಅಂಚು ಮೊಂಡಾಗುತ್ತದೆ. ಪಾಲಿಶ್ ಪುಡಿ ಚಕ್ರದ ಅಚ್ಚಿನ ತುದಿ (ಪಿವಟ್) ಕೂರುವ ಕಲ್ಲಿನ ತೂತಿಗೆ ಹೊಕ್ಕರಂತೂ ಎಣ್ಣೆಯಲ್ಲಿ ಕಲೆತು ಪಿವಟ್ಟನ್ನೇ ಅರೆಯುತ್ತದೆ.

ಫರ್ಡಿನಾಂಡ್ ಅಡಾಲ್ಫ್ ಲಾಂಗೆ 1845ರಲ್ಲಿ ಸ್ಯಾಕ್ಸನಿಯ ಗ್ಲಾಸ್‌ಹ್ಯುಟೆಯಲ್ಲಿ ಶುರುಮಾಡಿದ ಕಾರ್ಖಾನೆ 1948ರಲ್ಲಿ ಸರ್ಕಾರದ ವಶವಾಯಿತು. ಜರ್ಮನಿ ಒಂದಾದ ಮೇಲೆ, 1990ರ ಡಿಸೆಂಬರ್ 7ರಂದು, ಮರಿಮಗ ವಾಲ್ಟರ್ ಲಾಂಗೆ ಮತ್ತು ವಾಚು ಉದ್ಯಮದ ಗುಂಟರ್ ಬ್ಲ್ಯುಮ್‌ಲೈನ್ ಸೇರಿ ಕಂಪನಿಯ ಹೆಸರನ್ನು ಮತ್ತೆ ನೋಂದಾಯಿಸಿದರು. ಅದು ಒಂದು ದಿನದ ಕೆಲಸ. ಮೊದಲ ನಾಲ್ಕು ಮಾದರಿಗಳು ಹೊರಬಿದ್ದದ್ದು 1994ರ ಅಕ್ಟೋಬರ್ 24ಕ್ಕೆ. ಹೆಸರಿಗೆ ಬೆಲೆ ಬಂದದ್ದು ನೋಂದಣಿಯಿಂದಲ್ಲ, 1864ರ ಮುಕ್ಕಾಲು ಪ್ಲೇಟಿನಂಥ (ಯಂತ್ರದ ಮುಕ್ಕಾಲು ಭಾಗ ಮುಚ್ಚುವ ಒಂದೇ ಪ್ಲೇಟು) ಕಷ್ಟದ ಪದ್ಧತಿಗಳನ್ನು ಮತ್ತೆ ಕೈಗೆತ್ತಿಕೊಂಡದ್ದರಿಂದ.

ಕಷ್ಟ ಯಾಕೆಂದರೆ, ಒಂದೇ ಪ್ಲೇಟಿನಡಿ ಹಲವು ಚಕ್ರಗಳ ಪಿವಟ್ಟುಗಳು ಒಟ್ಟಿಗೆ ತಂತಮ್ಮ ಕಲ್ಲಿಗೆ ಕೂರಬೇಕು. ಪ್ರತಿ ಚಕ್ರಕ್ಕೂ ಮೇಲೆ ಕೆಳಗೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ಸಡಿಲ ಬೇಕು. ಬಿಗಿಯಾದರೆ ಓಟ ಕುಗ್ಗುತ್ತದೆ, ಹೆಚ್ಚಾದರೆ ಚಕ್ರ ವಾಲುತ್ತದೆ. ಸರಿಹೋಗುವವರೆಗೆ ಪ್ಲೇಟು ಬಿಚ್ಚಿ, ಕಲ್ಲು ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾಕಬೇಕು. ಈ ತೆಗೆದು ಹಾಕುವುದರಲ್ಲಿ ಮೆದು ಲೋಹಕ್ಕೆ ಗೀರು ಬೀಳದೆ ಇರದು. ಅದಕ್ಕೇ ಮೊದಲ ಜೋಡಣೆ ಮುಗಿದ ಮೇಲೆ ಎಲ್ಲ ಬಿಚ್ಚಿ, ತೊಳೆದು, ಆಮೇಲಷ್ಟೇ ಕೊನೆಯ ಅಲಂಕಾರ ಮಾಡುತ್ತಾರೆ. ಕಾಯಿಸಿ ನೀಲಿಗೆ ತಿರುಗಿಸಿದ ಹೊಸ ಸ್ಕ್ರೂಗಳಿಂದ ಎರಡನೇ ಸಲ ಕಟ್ಟುತ್ತಾರೆ. ಬೆರಳಿಗೆ ರಬ್ಬರ್ ಟೊಪ್ಪಿಗೆ ಕಡ್ಡಾಯ, ಬೆವರಿನ ಗುರುತು ಲೋಹಕ್ಕೆ ಇಳಿದುಬಿಡುತ್ತದೆ. ನಿಮ್ಮ ಪಾಲಿಶ್ ಅಳಿಸುವುದು ಈ ಎರಡನೇ ಸುತ್ತಿನ ಕೆಲಸವನ್ನು.

ಸರ್ವಿಸ್‌ಗೆ ಕೊಡುವಾಗ ಜಾಬ್ ಕಾರ್ಡಿನಲ್ಲಿ "ಪ್ಲೇಟಿಗೆ ಪಾಲಿಶ್ ಬೇಡ" ಎಂದು ಬರೆಸಿ, ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಬಣ್ಣ ಒಂದೇ ಸಮನಾಗಿದ್ದರೆ ಚಿಂತೆಯಿಲ್ಲ. ಒಂದು ಕಡೆ ಮಾತ್ರ ಕಪ್ಪು ಚುಕ್ಕೆ ಅಥವಾ ಹಸಿರು ಕಂಡರೆ ನೀರು ಹೋಗಿರಬಹುದು. ಬಿಚ್ಚಿ ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಅದಕ್ಕೆ ಮಾತ್ರ ತಡಮಾಡಬೇಡಿ.